ಉತ್ತರ ಬಾರದ ಕಾಲದಲ್ಲಿ ಪ್ರಾರ್ಥನೆ: ಗಡಿನಾಡಿನ ಮನೆಗಳಿಗೊಂದು ದಿನಚರಿ

ಗಲ್ಫಿನ ವೀಸಾ. ಮಂಗಳೂರಿನ ಆಸ್ಪತ್ರೆಯಿಂದ ಬರಬೇಕಾದ ಬಯಾಪ್ಸಿ ರಿಪೋರ್ಟು. ಮದುವೆಯಾಗಿ ಎಷ್ಟೋ ವರ್ಷವಾದರೂ ಆಗದ ಮಗು. ಹಳದಿ ರೋಗ ಬಂದು ಕಡಿದ ಅಡಿಕೆ ತೋಟದಲ್ಲಿ ಮತ್ತೆ ನೆಟ್ಟ ಸಸಿ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕೂತ ಫೈಲು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕ್ರೈಸ್ತ ಮನೆಗಳಲ್ಲಿ ಸಂಜೆ ಪ್ರಾರ್ಥನೆಯ ಕೊನೆಗೆ ಹೇಳುವ ಬೇಡಿಕೆಗಳು ಹೆಚ್ಚುಕಡಿಮೆ ಇವೇ. ಮೊದಲ ತಿಂಗಳು ಮನೆಯವರೆಲ್ಲ ಮೊಣಕಾಲೂರುತ್ತಾರೆ. ಆರನೇ ತಿಂಗಳಿಗೆ ಒಬ್ಬೊಬ್ಬರೇ ಏಳುತ್ತಾರೆ. ವರ್ಷ ತುಂಬುವಾಗ ಅಜ್ಜಿಯೊಬ್ಬರೇ ಉಳಿಯುತ್ತಾರೆ.

ಕಷ್ಟ ಉದ್ದವಾದದ್ದಕ್ಕೆ ವಿಶ್ವಾಸ ಕಳೆದುಕೊಂಡವರು ಕಡಿಮೆ. ದೇವರಿಗೆ ತಾವೇ ಒಂದು ತಾರೀಕು ಗೊತ್ತುಮಾಡಿ, ಆ ತಾರೀಕು ದಾಟಿದಾಗ ಕೈಬಿಟ್ಟವರೇ ಹೆಚ್ಚು. ಹಾಗಾಗಿ ಇಲ್ಲಿ ಹೇಳುವ ಕ್ರಮದ ತಳಹದಿ ಇಷ್ಟೇ: ದೇವರಿಗೆ ಗಡುವು ಬೇಡ, ನಿಮ್ಮ ದಿನಕ್ಕೆ ಒಂದು ಅಳತೆ ಇರಲಿ. ಕಥೋಲಿಕರಿಗೂ ಸಿಎಸ್‌ಐ ಸಭೆಯವರಿಗೂ (ಪ್ರೊಟೆಸ್ಟೆಂಟರಿಗೂ) ಹೊಂದುವಂತೆ ಬರೆದಿದೆ. ವ್ಯತ್ಯಾಸ ಇರುವಲ್ಲಿ ಬೇರೆಯಾಗಿ ಹೇಳಿದೆ.

ಮೊದಲು, ಅರ್ಧ ಹಾಳೆ ಕಾಗದ

ಕಾಯುತ್ತಿರುವುದು ಯಾವುದಕ್ಕೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ‘ನಮ್ಮ ಕಷ್ಟ ಪರಿಹಾರವಾಗಲಿ’ ಎಂದರೆ ಸಾಲದು. ‘ಅಮ್ಮನ ಮೂರನೇ ಕಿಮೋ ಆದ ಮೇಲೆ ರಕ್ತದ ಕೌಂಟ್ ಏರಬೇಕು’ ಎಂಬಷ್ಟು ಬಿಡಿಸಿ ಬರೆಯಬೇಕು. ಕೆಳಗೆ ಮೂರು ಗೆರೆ ಎಳೆಯಿರಿ. ಒಂದರಲ್ಲಿ ನಾವು ಮಾಡಬೇಕಾದ್ದು, ಇನ್ನೊಂದರಲ್ಲಿ ಬೇರೆಯವರು ಮಾಡಬೇಕಾದ್ದು (ಡಾಕ್ಟರು, ಏಜೆಂಟು, ಕಚೇರಿ), ಮೂರನೆಯದರಲ್ಲಿ ಯಾರ ಕೈಯಲ್ಲೂ ಇಲ್ಲದ್ದು.

ಇದನ್ನು ಮಾಡದಿದ್ದರೆ ಏನಾಗುತ್ತದೆಂದರೆ, ಮೊದಲ ಗೆರೆಯ ಕೆಲಸವನ್ನೂ ದೇವರ ತಲೆಗೆ ಕಟ್ಟುತ್ತೇವೆ, ಮೂರನೇ ಗೆರೆಯದನ್ನು ನಮ್ಮ ತಲೆಗೆ ಕಟ್ಟಿಕೊಳ್ಳುತ್ತೇವೆ. ಪಿಂಚಣಿಯ ಅರ್ಜಿಗೆ ಆದಾಯ ಪ್ರಮಾಣಪತ್ರ ಕೊಡದೆ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಮಾಡಿದರೆ ಫೈಲು ಕದಲುವುದಿಲ್ಲ. ಕಚೇರಿಯಿಂದ ಬಂದ ಕಾಗದ ಮಲಯಾಳದಲ್ಲಿದೆ, ಅರ್ಥವಾಗಲಿಲ್ಲ ಎಂದು ಕಪಾಟಿನಲ್ಲಿಟ್ಟು ಕಾಯುವ ಮನೆಗಳಿವೆ. ಓದಬಲ್ಲವರಿಂದ ಅದೇ ವಾರ ಓದಿಸಿ. ಕಾಸರಗೋಡಿನ ಕನ್ನಡಿಗರಿಗೆ ಕಚೇರಿಗೆ ಕನ್ನಡದಲ್ಲೇ ಬರೆಯುವ ಹಕ್ಕಿದೆ, ಅದನ್ನೂ ಬಳಸಿ. ಮೂರನೇ ಗೆರೆಯಲ್ಲಿ ಉಳಿದದ್ದೇ ನಿಮ್ಮ ಪ್ರಾರ್ಥನೆಯ ವಿಷಯ. ಬಹಳ ಸಲ ಅದು ಎರಡೇ ಸಾಲು ಇರುತ್ತದೆ.

ತಾರೀಕು ಕೊಡುವವರನ್ನು ನಂಬಬೇಡಿ

ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 28 ಮತ್ತು 29ನೇ ಅಧ್ಯಾಯವನ್ನು ಒಟ್ಟಿಗೆ ಓದಬೇಕು. ಬಾಬಿಲೋನಿಗೆ ಸೆರೆ ಹೋದ ಜನ ಎರಡೇ ವರ್ಷದಲ್ಲಿ ವಾಪಸು ಬರುತ್ತಾರೆ ಎಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ಸಾರಿದ. ಜನರಿಗೆ ಬೇಕಾದ್ದೂ ಅದೇ ಮಾತು. ಯೆರೆಮೀಯ ಬರೆದ ಪತ್ರದಲ್ಲಿ ಇದ್ದದ್ದು 70 ವರ್ಷ, ಅದರ ಜೊತೆಗೆ ಬಹಳ ಸಾದಾ ಸಲಹೆಗಳು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಸುಳ್ಳಾದದ್ದು ಎರಡು ವರ್ಷದ ಮಾತು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದವರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರ ಜನವರಿಯಲ್ಲಿ. ಹಣ ಸಿಗದವರಿಗಾಗಿ ಅದೇ ಕೋರ್ಟು 2022ರಲ್ಲಿ ಮತ್ತೆ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಕೋರ್ಟಿನ ಗಡುವಿನ ಪಾಡೇ ಹೀಗೆ. ‘ಈ ಕ್ರಿಸ್ಮಸ್ಸಿನೊಳಗೆ ನಿಮಗೆ ಬಿಡುಗಡೆ’ ಎಂದು ವೇದಿಕೆಯ ಮೇಲಿಂದ ಹೇಳುವವರ ಮಾತಿಗೆ ಇನ್ನೆಷ್ಟು ಬೆಲೆ ಕೊಡಬೇಕು, ನೀವೇ ಲೆಕ್ಕ ಹಾಕಿ.

ನೊವೇನಾದ ಬಗ್ಗೆಯೂ ಒಂದು ಮಾತು. ಒಂಬತ್ತು ದಿನದ ಪ್ರಾರ್ಥನೆಗೆ ಬೇರು ಇರುವುದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ. ಯೇಸು ಸ್ವರ್ಗಕ್ಕೇರಿದ ಮೇಲೆ ಪೆಂತೆಕೋಸ್ತಿನವರೆಗೆ, ಅಂದರೆ ಪವಿತ್ರಾತ್ಮ ಇಳಿದುಬಂದ ದಿನದವರೆಗೆ, ಶಿಷ್ಯರೂ ಮರಿಯಳೂ ಮೇಲಂತಸ್ತಿನ ಕೋಣೆಯಲ್ಲಿ ಕಾದು ಕುಳಿತರು. ‘ಕಾದಿರಿ’ ಎಂದಷ್ಟೇ ಅವರಿಗೆ ಹೇಳಿತ್ತು, ಒಂಬತ್ತನೇ ದಿನಕ್ಕೆ ಕೊಡುತ್ತೇನೆಂಬ ಕರಾರು ಇರಲಿಲ್ಲ. ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮೊದಲು ಆಗಸ್ಟ್ 30ರಿಂದ ಮಕ್ಕಳು ದಿನಾ ಹೂ ಕೊಯ್ದು ಇಗರ್ಜಿಗೆ (ಚರ್ಚಿಗೆ) ತರುವುದು ನೋಡಿ, ಒಂಬತ್ತನೇ ದಿನ ಏನು ಸಿಗುತ್ತದೆಂದು ಯಾವ ಮಗುವೂ ಕೇಳುವುದಿಲ್ಲ. ನೊವೇನಾ ಮುಗಿದು ಏನೂ ಆಗದಿದ್ದರೆ ಮರುದಿನವೇ ಇನ್ನೊಂದಕ್ಕೆ ಹಾರಬೇಡಿ. ಒಂದು ವಾರ ಬಿಡುವು ಕೊಟ್ಟು, ಕೆಳಗೆ ಹೇಳುವ ದಿನದ ಅಳತೆಗೆ ಮರಳಿ. ಹನ್ನೆರಡು ಜನರಿಗೆ ಕಳಿಸದಿದ್ದರೆ ಕೇಡು ಎನ್ನುವ ವಾಟ್ಸಾಪ್ ಪ್ರಾರ್ಥನೆಗಳನ್ನು ಕಂಡಲ್ಲೇ ಅಳಿಸಿ, ಪಾಪವೇನೂ ಬರುವುದಿಲ್ಲ.

ಹರಕೆ ಹೊತ್ತು ಸಿಕ್ಕಿಬಿದ್ದವರು ಬೇರೆ ಇದ್ದಾರೆ. ಐಸಿಯು ಬಾಗಿಲಲ್ಲಿ ನಿಂತು ‘ಗುಣವಾದರೆ ವೇಳಾಂಗಣಿಗೆ ನಡೆದೇ ಬರುತ್ತೇನೆ’ ಎಂದವರು ಮಂಡಿನೋವಿನಿಂದ ಮೆಟ್ಟಿಲೇ ಹತ್ತಲಾರರು. ವರ್ಷಗಟ್ಟಲೆ ಅದೇ ಭಯ. ಕಥೋಲಿಕ ಸಭೆಯ ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಖಾಸಗಿ ಹರಕೆಯಿಂದ ಸಕಾರಣವಾಗಿ ಬಿಡುಗಡೆ ಕೊಡುವ ಅಧಿಕಾರ ನಿಮ್ಮ ಚರ್ಚಿನ ಮುಖ್ಯ ಗುರುಗಳಾದ ವಿಗಾರರಿಗೇ ಇದೆ. ಅದಕ್ಕೆ ಸಮನಾದ ಅಥವಾ ಮೇಲಾದ ಒಳ್ಳೆಯ ಕೆಲಸಕ್ಕೆ ನೀವೇ ಬದಲಿಸಿಕೊಳ್ಳಲೂಬಹುದು. ಪಾಪನಿವೇದನೆಯ ಹೊತ್ತಿಗೆ ಐದು ನಿಮಿಷ ಕೇಳಿ ಮುಗಿಸಿ.

ದಿನದ ಅಳತೆ: ಬೆಳಿಗ್ಗೆ ಐದು ನಿಮಿಷ, ಸಂಜೆ ಹದಿನೈದು

ಕಷ್ಟ ಬಂದಾಗ ಪ್ರಾರ್ಥನೆ ಹೆಚ್ಚಿಸುವುದು ಎಲ್ಲರ ಮೊದಲ ಯೋಚನೆ. ಎರಡು ಗಂಟೆ ಪ್ರಾರ್ಥನೆ, ಶುಕ್ರವಾರ ಉಪವಾಸ, ದಿನಾ ಚರ್ಚಿನ ಬಲಿಪೂಜೆ. ಎರಡು ವಾರ ನಡೆಯುತ್ತದೆ. ಆಮೇಲೆ ಒಂದು ದಿನ ತಪ್ಪಿ, ತಪ್ಪಿದ ನಾಚಿಕೆಗೆ ಎಲ್ಲವೂ ನಿಲ್ಲುತ್ತದೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದಿನಾ ಆಕಾಶದಿಂದ ಸಿಕ್ಕಿದ ಆಹಾರವಾದ ಮನ್ನದ ಕಥೆಯಲ್ಲಿ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರು. ನಾಳೆಗೆಂದು ಇಟ್ಟದ್ದು ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ಪಾಲು. ಸುಸ್ತಾದ ದಿನವೂ ಆಗುವಷ್ಟೇ ಅಳತೆ ಇಟ್ಟುಕೊಳ್ಳಿ.

ಬೆಳಿಗ್ಗೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಫೋನ್ ಮುಟ್ಟುವ ಮೊದಲು. ಬೈಬಲು ಅಚ್ಚಾದದ್ದೇ ಇರಲಿ. ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ಫೋನು ಸತ್ತಿರುತ್ತದೆ, ಅಲ್ಲದೆ ಆಪ್ ತೆರೆಯುವ ಮೊದಲೇ ಏಜೆಂಟಿನ ಮೆಸೇಜು ಕಣ್ಣಿಗೆ ಬಿದ್ದಿರುತ್ತದೆ. ಪುಟ ತೇವ ಹಿಡಿಯದಂತೆ ಬೈಬಲನ್ನು ಗೋಡೆಗೆ ತಾಗಿಸದೆ ಇಡಿ, ಮರುದಿನದ ಕೀರ್ತನೆಗೆ ರಾತ್ರಿಯೇ ಚೀಟಿ ಸಿಕ್ಕಿಸಿಡಿ. ಬೆಳಿಗ್ಗೆ ಹುಡುಕುವ ಕೆಲಸ ಉಳಿಯಬಾರದು.

ವಾರಕ್ಕೆ ಹೀಗೆ ಹಂಚಬಹುದು: ಸೋಮವಾರ 13, ಮಂಗಳವಾರ 42, ಬುಧವಾರ 77, ಗುರುವಾರ 88, ಶುಕ್ರವಾರ 22, ಶನಿವಾರ 130, ಭಾನುವಾರ 27. ಶುಕ್ರವಾರದ್ದು ಯೇಸು ಶಿಲುಬೆಯ ಮೇಲೆ ಕೂಗಿದ ಕೀರ್ತನೆ. ಇವೆಲ್ಲ ಗೋಳಿನವು ಎಂದು ಹೆದರಬೇಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರಲಾಪಗಳೇ. ಸ್ತುತಿಗೀತೆ ಮಾತ್ರ ಹಾಡಿಸಿ ಅಳುವವರಿಗೆ ಮಾತೇ ಇಲ್ಲದಂತೆ ಮಾಡಿದ್ದು ನಮ್ಮ ಅಭ್ಯಾಸ, ಬೈಬಲಿನದಲ್ಲ.

13ನೇ ಕೀರ್ತನೆಯ ಕಟ್ಟು ಗಮನಿಸಿ, ಏಕೆಂದರೆ ನಿಮ್ಮ ಸ್ವಂತ ಪ್ರಾರ್ಥನೆಗೆ ಅದೇ ಅಚ್ಚು. ಒಟ್ಟು ಆರೇ ವಚನ. ಮೊದಲ ಎರಡು ಬರೀ ದೂರು: ಇನ್ನೆಷ್ಟು ಕಾಲ, ಇನ್ನೆಷ್ಟು ಕಾಲ. ದೂರು ಹೇಳುವಾಗ ದಾವೀದ ಕ್ಷಮೆ ಕೇಳಿಕೊಳ್ಳುವುದಿಲ್ಲ. ಮುಂದಿನ ಎರಡರಲ್ಲಿ ಬೇಡಿಕೆ, ಅದಕ್ಕೆ ಕಾರಣ ಸಮೇತ: ನನ್ನನ್ನು ನೋಡು, ಉತ್ತರ ಕೊಡು, ಇಲ್ಲವಾದರೆ ವೈರಿ ಗೆದ್ದೆನೆಂದು ಹಿಗ್ಗುತ್ತಾನೆ. ಕೊನೆಯ ಎರಡರಲ್ಲಿ ಭರವಸೆ. ಪರಿಸ್ಥಿತಿ ಒಂದಿಷ್ಟೂ ಬದಲಾಗಿರುವುದಿಲ್ಲ, ಆದರೂ ಹಿಂದೆ ಸಿಕ್ಕ ಉಪಕಾರ ನೆನಪಿದೆ. ಈ ಅಚ್ಚಿನಲ್ಲಿ ಮನೆಯೊಂದರ ಪ್ರಾರ್ಥನೆ ಹೀಗಿರಬಹುದು:

‘ಸ್ವಾಮೀ, ಏಜೆಂಟನಿಗೆ ದುಡ್ಡು ಕೊಟ್ಟು ಎಂಟು ತಿಂಗಳಾಯಿತು. ಇನ್ನೆಷ್ಟು ಕಾಲ? ರಾತ್ರಿ ಫೋನ್ ಶಬ್ದವಾದರೆ ಎದೆ ಹೊಡೆದುಕೊಳ್ಳುತ್ತದೆ. ಅಡವಿಟ್ಟ ಬಂಗಾರಕ್ಕೆ ಬಡ್ಡಿ ಏರುತ್ತಿದೆ. ಈ ತಿಂಗಳ ಬಡ್ಡಿಗೆ ದಾರಿ ತೋರಿಸು. ಮಗನ ಮುಖ ಕಂಡು ಸಿಟ್ಟಾಗದಂತೆ ನನ್ನ ಬಾಯಿ ಹಿಡಿ. ಅಪ್ಪ ತೀರಿಹೋದ ವರ್ಷ ನೀನು ನಮ್ಮನ್ನು ಕೈಬಿಡಲಿಲ್ಲ, ಅಷ್ಟು ಗೊತ್ತು.’

ಭರವಸೆಯ ಭಾಗ ಒಂದೇ ಸಾಲು ಇದೆ, ಸಾಕು. ಬಲವಂತದಿಂದ ದೊಡ್ಡ ಮಾತು ಸೇರಿಸಿದರೆ ನಾಲಿಗೆ ಹೇಳುತ್ತದೆ, ಮನಸ್ಸು ನಂಬುವುದಿಲ್ಲ. ಆ ಒಂದು ಸಾಲೂ ಬಾರದ ದಿನಕ್ಕೆ ಗುರುವಾರದ 88ನೇ ಕೀರ್ತನೆ ಇದೆ. ಅದು ಕತ್ತಲೆ ಎಂಬಲ್ಲಿಗೇ ನಿಂತುಬಿಡುತ್ತದೆ, ತಿರುವೇ ಇಲ್ಲ. ಅದನ್ನೂ ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡಿದ್ದಾರೆ.

ಸಂಜೆಯ ಹದಿನೈದು ನಿಮಿಷ ಮನೆಯವರೆಲ್ಲರದು. ಕೊಂಕಣಿ ಮನೆಗಳಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದೇ ಇದೆ. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆಯ ಘಟನೆಗಳ ಧ್ಯಾನ, ಬರುತ್ತವೆ. ಆಸ್ಪತ್ರೆಯಿಂದ ಏಳೂವರೆಗೆ ಬಂದ ದಿನ ಹತ್ತು ಹತ್ತು ಮಣಿಯ ಐದು ದಶಕ ಬೇಡ, ಒಂದು ಸಾಕು. ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಅರ್ಧ ನಿದ್ದೆಯಲ್ಲಿ ಐದು ಓಡಿಸುವುದಕ್ಕಿಂತ ಅದೇ ವಾಸಿ. ಬೇಳದ ವ್ಯಾಕುಲ ಮಾತೆಯ ಇಗರ್ಜಿಯ ಕಡೆಯವರಿಗೆ ಮರಿಯಮ್ಮನ ಏಳು ವ್ಯಾಕುಲಗಳ (ದುಃಖಗಳ) ಭಕ್ತಿ ಹತ್ತಿರದ್ದು. ಮಕ್ಕಳ ಸುದ್ದಿಗಾಗಿ ಕಾಯುವ ತಾಯಂದಿರು ಅದರಲ್ಲಿ ಮೂರನೆಯದನ್ನೇ, ಬಾಲಯೇಸುವನ್ನು ಮೂರು ದಿನ ಹುಡುಕಿದ್ದನ್ನು, ಒಂದು ವಾರ ಹಿಡಿದು ಧ್ಯಾನಿಸಬಹುದು. ಸಿಎಸ್‌ಐ ಮನೆಗಳಲ್ಲಿ ಒಂದು ಸುವಾರ್ತೆಯ ಭಾಗ, ಒಂದು ಗೀತೆ, ಕರ್ತನ ಪ್ರಾರ್ಥನೆ. ಬೇಡಿಕೆಯನ್ನು ಒಬ್ಬರೇ ಹೇಳಲಿ, ಒಂದೇ ಸಲ. ಪ್ರಾರ್ಥನೆಯ ನೆಪದಲ್ಲಿ ಗಂಡನಿಗೋ ಸೊಸೆಗೋ ಬುದ್ಧಿಹೇಳುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಸಂಜೆ ಪ್ರಾರ್ಥನೆಗೆ ಮಕ್ಕಳು ಬಾರದಿರಲು ಅರ್ಧ ಕಾರಣ ಅದೇ.

ಹೊಟ್ಟೆಗೆ, ನಿದ್ದೆಗೆ

ಪ್ರವಾದಿ ಎಲೀಯ ಸಾಯಬೇಕೆಂದು ಬೇಡಿಕೊಂಡು ಮರುಭೂಮಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ. ಮತ್ತೆ ಊಟ. ದೇವರ ಮಾತು ಕೇಳಿಸಿದ್ದು ನಲವತ್ತು ದಿನ ನಡೆದು ಹೋರೇಬಿಗೆ ಮುಟ್ಟಿದ ಮೇಲೆ. ರೋಗಿಯ ಹತ್ತಿರ ರಾತ್ರಿ ಕೂರುವವರು ಸರದಿ ಹಾಕಿಕೊಳ್ಳಿ. ಎರಡು ರಾತ್ರಿ ಕೂತವರು ಮೂರನೆಯದು ಮಲಗಲೇಬೇಕು. ಗಂಜಿ, ಚಟ್ನಿಯಾದರೂ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲಿ. ಕಂಗೆಟ್ಟ ಕಾಲದಲ್ಲಿ ಕಠಿಣ ಉಪವಾಸ ಬೇಡ; ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಅದರ ಹತ್ತಿರವೂ ಹೋಗಬಾರದು. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸ ರೋಗಿಗಳಿಗೂ ವೃದ್ಧರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಹಾಸಿಗೆ ಹಿಡಿದವರನ್ನು ಬಿಟ್ಟು ಬರಲಾಗದೆ ಭಾನುವಾರದ ಪೂಜೆ ತಪ್ಪಿದರೂ ಪಾಪವಲ್ಲ. ಇದು ಗೊತ್ತಿಲ್ಲದೆ ಕೊರಗುವ ಸೊಸೆಯಂದಿರು ಚರ್ಚಿನ ಪ್ರತಿ ವಾರ್ಡಿನಲ್ಲೂ ಇದ್ದಾರೆ.

ರೋಗಿಗಳ ಅಭ್ಯಂಗವನ್ನು, ಅಂದರೆ ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವನ್ನು, ಕೊನೆಯುಸಿರಿನವರೆಗೆ ತಡೆಹಿಡಿಯುವುದು ದೊಡ್ಡ ತಪ್ಪು. ಫಾದರ್ ಬಂದರೆಂದರೆ ಮುಗಿಯಿತೆಂಬ ಹೆದರಿಕೆ ಹಿಂದಿನ ಕಾಲದ್ದು. ಗಂಭೀರ ಕಾಯಿಲೆ ಎಂದು ತಿಳಿದಾಗಲೇ, ದೊಡ್ಡ ಆಪರೇಷನ್ನಿಗೆ ಮೊದಲೇ, ವಯಸ್ಸಾಗಿ ತೀರಾ ಬಲ ಕುಂದಿದವರಿಗೆ ರೋಗವಿಲ್ಲದೆಯೂ ಕೊಡಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ದೇರಳಕಟ್ಟೆಗೋ ಮಂಗಳೂರಿಗೋ ಅಡ್ಮಿಟ್ ಆಗಲು ಹೊರಡುವ ಹಿಂದಿನ ದಿನ ವಾರ್ಡಿನ ಮುಖಂಡರಾದ ಗುರ್ಕಾರರ ಮೂಲಕ ಹೇಳಿಕಳಿಸಿ. ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೋಂಬತ್ತಿ ಸಾಕು. ಎಣ್ಣೆ ಗುರುಗಳೇ ತರುತ್ತಾರೆ, ಹಣೆಗೂ ಅಂಗೈಗೂ ಹಚ್ಚುತ್ತಾರೆ. ಪ್ರಜ್ಞೆ ಇರುವಾಗಲೇ ಕರೆದರೆ ರೋಗಿಯೂ ಜೊತೆಗೆ ಪ್ರಾರ್ಥಿಸಬಹುದು, ಪಾಪನಿವೇದನೆ ಮಾಡಬಹುದು. ಸಿಎಸ್‌ಐ ಸಭೆಯವರು ಯಾಕೋಬನ ಪತ್ರದ 5ನೇ ಅಧ್ಯಾಯದಂತೆ ಸಭಾಪಾಲಕರನ್ನೂ ಹಿರಿಯರನ್ನೂ ಕರೆದು, ಮನೆಯಲ್ಲೇ ಕರ್ತನ ಭೋಜನ ಕೇಳಬಹುದು.

ಜನರ ನಡುವೆ

ಕಾಯುವವರಿಗೆ ಎಲ್ಲಕ್ಕಿಂತ ಕಷ್ಟದ ಜಾಗ ಭಾನುವಾರ ಪೂಜೆ ಬಿಟ್ಟ ಮೇಲಿನ ಇಗರ್ಜಿ ಅಂಗಳ. ‘ಏನಾಯ್ತು, ಇನ್ನೂ ಆಗ್ಲಿಲ್ವಾ?’ ಎಂದು ಹತ್ತು ಜನ ಕೇಳುತ್ತಾರೆ. ಅದಕ್ಕೆ ಹೆದರಿಯೇ ಎಷ್ಟೋ ಮಂದಿ ಬರುವುದು ಬಿಡುತ್ತಾರೆ. ಉತ್ತರವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿ: ‘ಇನ್ನೂ ಆಗಿಲ್ಲ. ಆದ ದಿನ ನಾನೇ ಹೇಳ್ತೇನೆ. ಪ್ರಾರ್ಥನೆಯಲ್ಲಿ ನೆನಪಿಟ್ಟುಕೊಳ್ಳಿ ಆಯ್ತಾ.’ ಅಷ್ಟು ಹೇಳಿ ಮಾತು ತಿರುಗಿಸಿ. ಪೂರ್ತಿ ವಿಷಯ ಇಬ್ಬರಿಗೆ ಮಾತ್ರ ಗೊತ್ತಿರಲಿ, ಅವರಲ್ಲಿ ಒಬ್ಬರು ಕುಟುಂಬದ ಹೊರಗಿನವರು. ನೀವು ಪ್ರಾರ್ಥಿಸಲಾಗದ ವಾರ ಅವರು ನಿಮ್ಮ ಪರವಾಗಿ ಪ್ರಾರ್ಥಿಸಬೇಕೆಂದು ಮೊದಲೇ ಮಾತು ತೆಗೆದುಕೊಳ್ಳಿ.

ಭೇಟಿಗೆ ಹೋಗುವವರಿಗೆ: ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಬಾಯಿ ತೆರೆದ ಮೇಲೆಯೇ ಎಲ್ಲ ಕೆಟ್ಟದ್ದು. ‘ದೇವರ ಚಿತ್ತ’, ‘ನಿಮಗಿಂತ ಕಷ್ಟದಲ್ಲಿ ಇರುವವರಿದ್ದಾರೆ’, ‘ವಿಶ್ವಾಸ ಗಟ್ಟಿ ಮಾಡಿ’, ಇವನ್ನೆಲ್ಲ ಹೊಸ್ತಿಲಲ್ಲೇ ಬಿಟ್ಟು ಹೋಗಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರೆ ಮಗುಚಿ, ಸೊಸೈಟಿಗೆ ಹಾಲು ಒಯ್ಯಿರಿ, ದನಕ್ಕೆ ಹುಲ್ಲು ಹಾಕಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ‘ಗುರುವಾರ ಆಸ್ಪತ್ರೆಗೆ ಕಾರು ನಾನು ತರುತ್ತೇನೆ’ ಎಂದರೆ ಒಪ್ಪುತ್ತಾರೆ. ಹಣದ ಅಡಚಣೆ ಇದ್ದರೆ ವಿನ್ಸೆಂಟ್ ದಿ ಪಾವ್ಲ್ ಸಭೆಯಂಥ ಘಟಕ ನಿಮ್ಮ ಚರ್ಚಿನಲ್ಲಿದೆಯೇ ಎಂದು ವಿಚಾರಿಸಿ. ಅಲ್ಲಿ ವಿಷಯ ಗುಟ್ಟಾಗಿಯೇ ಉಳಿಯುತ್ತದೆ.

ಕತ್ತಲಲ್ಲಿ ದಾರಿ ಬದಲಿಸಬೇಡಿ

ಲೊಯೊಲಾದ ಸಂತ ಇಗ್ನಾಸಿಯುಸ್ 16ನೇ ಶತಮಾನದಲ್ಲಿ ಬರೆದಿಟ್ಟ ಧ್ಯಾನದ ನಿಯಮಗಳಲ್ಲಿ ಒಂದು ಬಹಳ ಉಪಯೋಗದ್ದು: ಮನಸ್ಸು ಒಣಗಿ ಕತ್ತಲೆಯಾದ ಸಮಯದಲ್ಲಿ, ಅದಕ್ಕೆ ಮೊದಲು ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಜಾಗ ಮಾರುವುದು, ಸಭೆ ಬದಲಿಸುವುದು, ನಿಶ್ಚಯವಾದ ಮದುವೆ ಮುರಿಯುವುದು, ಮಠ ಸೇರಿದವರು ಬಿಟ್ಟುಬರುವುದು, ಇವೆಲ್ಲ ಆ ಪಟ್ಟಿಯಲ್ಲಿ ಸೇರುತ್ತವೆ. ಇನ್ನೊಂದನ್ನೂ ಅವರು ಹೇಳುತ್ತಾರೆ: ಬೇಸರ ಬಂದ ದಿನ ಗೊತ್ತುಮಾಡಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಿ. ನಿಮ್ಮ ಐದು ನಿಮಿಷವನ್ನು ಅಂದು ಆರು ಮಾಡಿದರೆ ಸಾಕು.

ಇಂಥ ಹೊತ್ತಿನಲ್ಲೇ ಅದ್ಭುತದ ವ್ಯಾಪಾರಿಗಳು ಮನೆ ಹುಡುಕಿಕೊಂಡು ಬರುವುದು. ಗುರುತು ಹಿಡಿಯುವುದು ಸುಲಭ. ಮೊದಲೇ ಕಾಣಿಕೆ ಕೇಳುತ್ತಾರೆ, ಮಾತ್ರೆ ನಿಲ್ಲಿಸಿ ಎನ್ನುತ್ತಾರೆ, ನಿಮ್ಮ ಕಷ್ಟಕ್ಕೆ ಅತ್ತೆಯ ಕಡೆಯ ಶಾಪವೋ ಯಾರದೋ ಮಾಟವೋ ಕಾರಣ ಎನ್ನುತ್ತಾರೆ, ನಿಮ್ಮ ಗುರುಗಳಿಗೆ ಹೇಳಬೇಡಿ ಎನ್ನುತ್ತಾರೆ. ನಾಲ್ಕರಲ್ಲಿ ಒಂದು ಕಂಡರೂ ಕಾಫಿ ಕೊಟ್ಟು ಕಳಿಸಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ಇವನ್ನು ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಪ್ರಾರ್ಥನೆಯ ಒಣತನ ಬೇರೆ, ಖಿನ್ನತೆ ಬೇರೆ. ಪ್ರಾರ್ಥನೆಯಲ್ಲಿ ರುಚಿ ಇಲ್ಲ, ಆದರೆ ಕೆಲಸ, ಊಟ, ಮಾತು ನಡೆಯುತ್ತಿದೆ ಎಂದರೆ ಮೊದಲನೆಯದು. ಅದು ಸಂತರಿಗೂ ಇತ್ತು, ಮದರ್ ತೆರೇಸಾ ದಶಕಗಳ ಕಾಲ ಅದನ್ನು ಅನುಭವಿಸಿದರೆಂದು ಅವರ ಪತ್ರಗಳಿಂದ ತಿಳಿಯಿತು. ಎರಡು ವಾರಕ್ಕೂ ಹೆಚ್ಚು ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದೆ, ಬದುಕಿ ಏನು ಪ್ರಯೋಜನ ಎನಿಸತೊಡಗಿದರೆ ಡಾಕ್ಟರ ಹತ್ತಿರ ಹೋಗಬೇಕು. ಟೆಲಿಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಭಾಷೆ ಆರಿಸಿಕೊಳ್ಳಬಹುದು. ಒಬ್ಬಂಟಿಯಾಗಿ ಬಿಡಬಾರದೆನಿಸಿದವರ ಜೊತೆ ಆ ರಾತ್ರಿ ಯಾರಾದರೂ ಮಲಗಿ.

ತಿಂಗಳಿಗೊಮ್ಮೆ ಲೆಕ್ಕ

ಮೊದಲ ದಿನದ ಅರ್ಧ ಹಾಳೆಯನ್ನು ತಿಂಗಳ ಮೊದಲ ಶುಕ್ರವಾರ ತೆಗೆದು ನೋಡಿ. ಮೂರು ಗೆರೆಗಳಲ್ಲಿ ಏನು ಜಾಗ ಬದಲಿಸಿದೆ ಎಂದು ಗುರುತಿಸಿ. ಹಿಂಬದಿಯಲ್ಲಿ ಈ ತಿಂಗಳು ಯಾರು, ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸಿತೆಂದು ಬರೆಯಿರಿ: ಬಡ್ಡಿಗೆ ಸಾಲ ಕೊಟ್ಟ ಭಾವ, ಬ್ಲಡ್ ಕೊಟ್ಟ ಪಕ್ಕದ ಮನೆಯ ಹುಡುಗ. 13ನೇ ಕೀರ್ತನೆಯ ಕೊನೆಯ ಸಾಲಿಗೆ ಸಾಮಗ್ರಿ ಇಲ್ಲಿಂದಲೇ ಬರುತ್ತದೆ. ದಿನಾ ಲೆಕ್ಕ ನೋಡಬೇಡಿ, ಎದೆಬಡಿತ ಎಣಿಸಿದ ಹಾಗಾಗುತ್ತದೆ.

‘ಇಲ್ಲ’ ಎಂಬ ಉತ್ತರ ಬಂದರೆ? ಪ್ರೇಷಿತ ಪೌಲನು ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡಿದ ಒಂದು ಬಾಧೆಯನ್ನು, ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಉಳಿಯಿತು, ಕೃಪೆ ಸಾಕೆಂಬ ಮಾತು ಬಂತು. ಸೆರೆಯಾಗುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೂ ಈ ಕಷ್ಟದ ಪಾತ್ರೆ ತೊಲಗಲಿ ಎಂದು ಮೂರು ಸಲ ಬೇಡಿದರು. ರಿಪೋರ್ಟು ಕೆಟ್ಟದ್ದೇ ಬಂದ ದಿನ ಹೊಸ ಪ್ರಾರ್ಥನೆ ಹುಡುಕಬೇಡಿ. ಅಂದಿನ ವಾರದ ಕೀರ್ತನೆಯನ್ನೇ ಓದಿ, ಅಳು ಬಂದರೆ ಅಳಿ. ಹೊಸ ಅರ್ಧ ಹಾಳೆಯನ್ನು ಒಂದು ವಾರದ ನಂತರ ಬರೆಯಿರಿ, ಮೊದಲೇ ಬೇಡ. ಮರಣವಾದ ಮನೆಯಲ್ಲಿ ತಿಂಗಳ ಪೂಜೆ ಆಗುವವರೆಗೆ ಸಂಜೆಯ ಹದಿನೈದು ನಿಮಿಷವನ್ನು ಬಂಧುಗಳೋ ವಾರ್ಡಿನವರೋ ಬಂದು ನಡೆಸಿಕೊಡಲಿ. ಮನೆಯವರು ಕೂತು ಕೇಳಿದರೆ ಸಾಕು.

ಕಾದದ್ದು ಸಿಕ್ಕಿದರೆ, ಯಾರ್ಯಾರಿಗೆ ಪ್ರಾರ್ಥಿಸಿ ಎಂದಿದ್ದಿರೋ ಅವರಿಗೆಲ್ಲ ಆ ವಾರದೊಳಗೆ ತಿಳಿಸಿ. ಯೇಸುವಿನಿಂದ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ಹಿಂದಿರುಗಿ ಬಂದವನು ಒಬ್ಬ. ಹರಕೆ ಇದ್ದರೆ ತಡಮಾಡದೆ ತೀರಿಸಿ. ಸಾಕ್ಷಿ ಹೇಳಲು ಕರೆದರೆ ಮೂರು ನಿಮಿಷದೊಳಗೆ ಮುಗಿಸಿ, ಡಾಕ್ಟರನ್ನೂ ಕಾರು ತಂದವರನ್ನೂ ಮರೆಯದೆ ಹೆಸರಿಸಿ. ‘ನನ್ನ ವಿಶ್ವಾಸ ಗಟ್ಟಿಯಾಗಿತ್ತು, ಅದಕ್ಕೇ ಸಿಕ್ಕಿತು’ ಎಂದು ಮಾತ್ರ ಹೇಳಬೇಡಿ. ಮೂರನೇ ಬೆಂಚಿನಲ್ಲಿ ಅದೇ ಕಾಯಿಲೆಗೆ ಮಗನನ್ನು ಕಳೆದುಕೊಂಡವರು ಕೂತಿರುತ್ತಾರೆ.